ಮುಚ್ಚಿಟ್ಟ ನಡೆ

‘ನೋಡಿ ತಿಳಿ, ಮಾಡಿ ಕಲಿ’ ಎಂಬ ಮಾತು ಕನ್ನಡ ಶಾಲೆಗಳ ಗೋಡೆಗಳಿಗೆ ಹೊಸದಲ್ಲ. ಸುಣ್ಣ ಬಳಿದಾಗಲೆಲ್ಲ ಅದನ್ನು ಮತ್ತೆ ಬರೆಯಿಸುತ್ತಾರೆ. ಮಕ್ಕಳು ಅದನ್ನು ಪ್ರತಿದಿನ ಓದುತ್ತಾರೆ. ಆ ಮಾತಿನಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳಿವೆ, ಆ ಎರಡರ ನಡುವೆ ದಾಟಬೇಕಾದ ಹಳ್ಳವೊಂದಿದೆ ಎಂಬುದು ಮಾತ್ರ ಓದುವವರ ಗಮನಕ್ಕೆ ಬರುವುದು ಅಪರೂಪ. ಸೇಡಂ ತಾಲ್ಲೂಕಿನ ಮುಧೋಳದಲ್ಲಿ ನೆಲೆಸಿರುವ ನಿವೃತ್ತ ಗಣಿತ ಶಿಕ್ಷಕರೊಬ್ಬರಿಗೆ ಆ ಹಳ್ಳ ಕಾಣಿಸಿದ್ದು ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ. ಅದನ್ನು ಅವರಿಗೆ ತೋರಿಸಿಕೊಟ್ಟದ್ದು ಅವರು ಜೀವಮಾನವೆಲ್ಲ ಕಲಿಸಿದ ಗಣಿತವಲ್ಲ. ಮೊಮ್ಮಗನ ಅಂಗೈಯಲ್ಲಿದ್ದ ಮೊಬೈಲಿನೊಳಗಿನ ಚದುರಂಗ.

ಮುಧೋಳವೆಂದೊಡನೆ ಬಹುಜನರ ನೆನಪಿಗೆ ಬರುವುದು ರನ್ನಕವಿಯ ಹೆಸರಿನೊಡನೆ ಬೆಸೆದುಕೊಂಡಿರುವ, ಬೇಟೆನಾಯಿಗಳಿಗೆ ಖ್ಯಾತವಾದ ಬಾಗಲಕೋಟೆ ಜಿಲ್ಲೆಯ ಪಟ್ಟಣ. ಇದು ಆ ಮುಧೋಳವಲ್ಲ. ಇದು ಕಲಬುರಗಿ ಜಿಲ್ಲೆಯದು. ತೆಲಂಗಾಣದ ಗಡಿಗೆ ಸಮೀಪವಾದ, ತೊಗರಿ ಬೆಳೆಯುವ ಸೀಮೆಯದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದ ಒಡಲಲ್ಲಿ ಸುಣ್ಣಕಲ್ಲು ಪದರಪದರವಾಗಿ ಮಲಗಿದೆ. ಅದನ್ನು ಅರೆದು ಸುಟ್ಟರೆ ಸಿಮೆಂಟು. ಪದರ ಬಿಡಿಸಿ ಕೊಯ್ದರೆ ಶಹಾಬಾದ ಫರಸಿ. ಈ ಭಾಗದ ಮನೆ, ಶಾಲೆ, ಗುಡಿಗಳ ನೆಲವೆಲ್ಲ ಆ ಫರಸಿಯದೇ. ಇದ್ದಿಲಿನ ತುಂಡೊಂದು ಕೈಗೆ ಸಿಕ್ಕರೆ ಸಾಕು, ನುಣುಪಾದ ಆ ಕಲ್ಲಿನ ಮೇಲೆ ಅರೆಗಳಿಗೆಯಲ್ಲಿ ಅರುವತ್ತನಾಲ್ಕು ಮನೆಗಳ ಚದುರಂಗದ ಹಾಸು ಸಿದ್ಧವಾಗುತ್ತದೆ.

ಮಾಸ್ತರರು ಹುಟ್ಟಿದ್ದು 1948ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಈ ಸೀಮೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಆಳ್ವಿಕೆ ಹೋದರೂ ಅದರ ಮಾತುಗಳು ಕಟ್ಟೆಗಳ ಮೇಲೆ ಉಳಿದುಕೊಂಡವು. ಪುಸ್ತಕವು ಮಂತ್ರಿಯೆಂದು ಕರೆದುದನ್ನು ಕಟ್ಟೆಯು ‘ವಜೀರ’ ಎಂದಿತು. ಪದಾತಿಯನ್ನು ‘ಪ್ಯಾದೆ’ ಎಂದಿತು. ರಾಜನಿಗೆ ಒದಗಿದ ಗಂಡಾಂತರವನ್ನು ‘ಶಹ’ ಎಂದು ಕೂಗಿ ಸಾರಿತು. ನಿಯಮಗಳೂ ಹಳೆಯವೇ. ಇಂದು ಎಲ್ಲರೂ ಆಡುವಂತೆ ಮೊದಲ ನಡೆಯಲ್ಲಿ ಪದಾತಿಗೆ ಎರಡು ಮನೆ ಹಾರುವ ಸ್ವಾತಂತ್ರ್ಯ ಅಲ್ಲಿರಲಿಲ್ಲ, ಒಂದೊಂದೇ ಹೆಜ್ಜೆ.

ಅವರ ಬಾಲ್ಯದ ಕಟ್ಟೆಯ ಮೇಲೆ ಇಬ್ಬರು ಹಿರಿಯರು ದಿನವೂ ಸಂಜೆ ಆಡುತ್ತಿದ್ದರು. ಒಬ್ಬರು ನಿಜಾಮರ ಕಾಲದಲ್ಲಿ ಗಿರ್ದಾವರರಾಗಿದ್ದವರು, ಇನ್ನೊಬ್ಬರು ಕಲ್ಲಿನ ವ್ಯಾಪಾರಿಗಳು. ಹತ್ತು ವರ್ಷದ ಹುಡುಗನು ಅವರ ಮಗ್ಗುಲಲ್ಲಿ ಕುಳಿತು ನೋಡುತ್ತಿದ್ದನು. ನೋಡುವುದಕ್ಕೆ ಅಡ್ಡಿಯಿರಲಿಲ್ಲ, ಆದರೆ ನೋಡುವವನಿಗೆ ಕಣ್ಣುಂಟು, ಬಾಯಿಲ್ಲ ಎಂಬುದು ಕಟ್ಟೆಯ ಕಾನೂನು. ಕುದುರೆಗೆ ಅಪಾಯವಿದೆಯೆಂದು ಯಾರಾದರೂ ಹುಡುಗರು ಬಾಯಿಬಿಟ್ಟರೆ ಹೆಗಲ ಮೇಲಿನ ಟವೆಲ್ಲಿನ ಏಟು ಬೀಳುತ್ತಿತ್ತು. ಆ ಸಂಜೆ ಅವರಿಗೆ ಕಟ್ಟೆಯ ಮೇಲೆ ಜಾಗವಿರುತ್ತಿರಲಿಲ್ಲ. ಹಿರಿಯರು ಒಂದು ನಡೆಗೆ ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ಹುಡುಗನು ಬಾಯಿಗೆ ಬಂದ ನಡೆಯನ್ನು ನುಂಗಿಕೊಂಡು ಕುಳಿತಿರಬೇಕಾಗಿತ್ತು. ಎರಡು ವರ್ಷ ಹೀಗೆಯೇ ಕಳೆದವು. ಒಂದು ದಿನ ವ್ಯಾಪಾರಿಗಳು ಊರಲ್ಲಿಲ್ಲದಾಗ ಗಿರ್ದಾವರರು ಹುಡುಗನನ್ನು ಎದುರಿಗೆ ಕೂಡಿಸಿಕೊಂಡು ಆಡಿದರು, ಸೋಲಲಿಲ್ಲವಾದರೂ ಬೆವರಿದರು.

ಈ ಆಟ ಈ ನೆಲಕ್ಕೆ ಅಂದು ನಿನ್ನೆಯದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಚದುರಂಗದ ವಿವರಣೆಯೂ ಬರುತ್ತದೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅರಮನೆಯಲ್ಲಿದ್ದ ಆಟವು ಕಾಲಾಂತರದಲ್ಲಿ ಕಟ್ಟೆಗೆ ಇಳಿಯಿತು. ಕಟ್ಟೆಯಿಂದ, ಇತ್ತೀಚಿನ ವರ್ಷಗಳಲ್ಲಿ, ಅಂಗೈಗೆ ಬಂದಿತು.

ಹುಡುಗನು ಬೆಳೆದು 1970ರಲ್ಲಿ ಮಠವೊಂದರ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿ ಸೇರಿ, ಮೂವತ್ತಾರು ವರ್ಷ ಸೇವೆ ಸಲ್ಲಿಸಿ 2006ರಲ್ಲಿ ನಿವೃತ್ತನಾದನು. ಮಾಸ್ತರರು ಲೆಕ್ಕ ಬಿಡಿಸುವುದನ್ನು ನೋಡುವುದೇ ಒಂದು ಸೊಗಸೆಂದು ಅವರ ಶಿಷ್ಯರು ಇಂದಿಗೂ ಹೇಳುತ್ತಾರೆ. ಮುತ್ತಿನಂತಹ ಅಕ್ಷರ, ಒಂದು ಗೆರೆಯ ಕೆಳಗೆ ಇನ್ನೊಂದು ಗೆರೆ, ಎಲ್ಲಿಯೂ ಅಳಿಸಿದ ಗುರುತಿಲ್ಲ. ಕಪ್ಪುಹಲಗೆಯ ಬಲತುದಿಯಲ್ಲಿ ಉತ್ತರ ಬರೆದು ಅದರ ಸುತ್ತ ಚೌಕ ಹಾಕಿ, ತರಗತಿಯತ್ತ ತಿರುಗಿ, ‘ತಿಳೀತಾ?’ ಎನ್ನುವರು. ‘ತಿಳೀತ್ರೀ ಸರ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸುವುದು. ಪರೀಕ್ಷೆಯಲ್ಲಿ ಅದೇ ಲೆಕ್ಕದ ಅಂಕಿಗಳನ್ನು ಬದಲಿಸಿ ಕೊಟ್ಟರೆ ಅರ್ಧ ತರಗತಿಯ ಉತ್ತರಪತ್ರಿಕೆ ಖಾಲಿ. ಮಕ್ಕಳು ಗಮನ ಕೊಡುವುದಿಲ್ಲ ಎಂಬುದು ಮಾಸ್ತರರ ತೀರ್ಮಾನವಾಗಿತ್ತು. ಒಬ್ಬ ಹುಡುಗನಿಗಂತೂ ಎಲ್ಲರೆದುರಿಗೆ, ‘ಗಣಿತ ನಿನ್ನ ತಲಿಗಿ ಹತ್ತೂದಲ್ಲ ಬಿಡಪಾ’ ಎಂದು ಹೇಳಿಬಿಟ್ಟಿದ್ದರು. ಅವನು 1988ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಗಣಿತದಲ್ಲಿ ಅನುತ್ತೀರ್ಣನಾಗಿ ಫರಸಿ ಕಲ್ಲಿನ ಗಣಿಗೆ ಕೂಲಿಗೆ ಹೋದನು. ಆಡಿದವರಿಗೆ ಆ ಮಾತು ಮರೆತುಹೋಯಿತು.

2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಪಾಠ ಕೇಳಲೆಂದು ಐದನೆಯ ತರಗತಿಯ ಮೊಮ್ಮಗನಿಗೆ ಮನೆಯವರು ಮೊಬೈಲು ಕೊಡಿಸಿದರು. ಪಾಠ ಮುಗಿದ ಮೇಲೂ ಮೊಬೈಲು ಅವನ ಕೈಯಲ್ಲಿಯೇ ಉಳಿಯಿತು. ಅಜ್ಜನಿಂದ ಫರಸಿಯ ಮೇಲೆ ಕಾಯಿ ನಡೆಸುವುದನ್ನು ಮೊದಲೇ ಕಲಿತಿದ್ದ ಹುಡುಗನು ಅಲ್ಲಿ ಚದುರಂಗದ ಬೇರೆಯೇ ಲೋಕವನ್ನು ಕಂಡನು. ಪ್ರಪಂಚದ ಯಾವುದೋ ಮೂಲೆಯಲ್ಲಿ ಕುಳಿತ ಗ್ರಾಂಡ್‌ಮಾಸ್ಟರರು ಆಡುತ್ತಾ, ಆಡುವಾಗಲೇ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಅವರಲ್ಲಿ ಅವನಿಗೆ ಅಚ್ಚುಮೆಚ್ಚಾದವರು ಅಮೆರಿಕದ ಡೇನಿಯಲ್ ನರೊಡಿಟ್ಸ್ಕಿ. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಚದುರಂಗದ ಬಗೆಗೆ ಪುಸ್ತಕ ಪ್ರಕಟಿಸಿ, 2013ರಲ್ಲಿ ಗ್ರಾಂಡ್‌ಮಾಸ್ಟರ್ ಪದವಿಗೇರಿದ ಅವರು, ಕಲಿಯುವವರಿಗಾಗಿ ‘ಸ್ಪೀಡ್‌ರನ್’ ಎಂಬ ಮಾಲಿಕೆಯನ್ನು ನಡೆಸುತ್ತಿದ್ದರು. ಹೊಸ ಹೆಸರಿನಲ್ಲಿ ಕೆಳಗಿನ ಮೆಟ್ಟಿಲಿನಿಂದ ಆಟ ಆರಂಭಿಸಿ, ಸಾಮಾನ್ಯ ಆಟಗಾರರೊಡನೆ ಆಡುತ್ತಾ ಒಂದೊಂದೇ ಮೆಟ್ಟಿಲು ಏರುತ್ತಾ, ಪ್ರತಿ ನಡೆಯ ಕಾರಣವನ್ನು ವಿವರಿಸುವ ಕ್ರಮವದು. ಕನ್ನಡ ಮಾಧ್ಯಮದ ಹುಡುಗನಿಗೆ ಅವರ ಇಂಗ್ಲಿಷು ಮೊದಮೊದಲು ಮಳೆಯ ಸದ್ದಿನಂತೆ ಕೇಳಿಸಿತು. ಬರುಬರುತ್ತ ಹನಿಗಳು ಬೇರೆಬೇರೆಯಾದವು. ನಾಲ್ಕು ವರ್ಷಗಳಲ್ಲಿ ಅವನು ನೋಡಿದ ಆಟಗಳಿಗೆ ಲೆಕ್ಕವಿರಲಿಲ್ಲ. ಯಾವ ಆರಂಭಕ್ಕೆ ಯಾವ ಹೆಸರು, ಯಾವ ಬಲಿದಾನ ಯಾರದು ಎಂಬುದನ್ನೆಲ್ಲ ಊಟದ ಹೊತ್ತಿನಲ್ಲಿ ಒಪ್ಪಿಸುತ್ತಿದ್ದನು. ಮನೆಯವರಿಗೆ ಅವನು ಪ್ರವೀಣನಾದಂತೆಯೇ ತೋರಿದನು. ಅವನಿಗೂ ಹಾಗೆಯೇ ತೋರಿತ್ತು.

2024ರ ನವೆಂಬರಿನಲ್ಲಿ ಕಲಬುರಗಿಯಲ್ಲಿ ನಡೆದ ಮಕ್ಕಳ ಪಂದ್ಯವೊಂದಕ್ಕೆ ಅಜ್ಜ ಮೊಮ್ಮಗ ಬಸ್ಸು ಹತ್ತಿ ಹೋದರು. ಐದು ಸುತ್ತುಗಳಲ್ಲಿ ಹುಡುಗನು ಐದನ್ನೂ ಸೋತನು. ಎಲ್ಲಕ್ಕಿಂತ ನೋವಾದದ್ದು ಕೊನೆಯ ಸೋಲು. ಎದುರಾಳಿಯು ಅವನಿಗಿಂತ ಎರಡು ತರಗತಿ ಕೆಳಗಿನ ಹುಡುಗಿ. ಮೊಬೈಲಿನಲ್ಲಿ ಏನನ್ನೂ ನೋಡದವಳು, ಅಣ್ಣನೊಡನೆ ಆಡಿ ಆಡಿ ಕಲಿತವಳು. ಮರಳುವ ಬಸ್ಸಿನಲ್ಲಿ ಹುಡುಗನು ಕಿಟಕಿಗೆ ಮುಖಮಾಡಿ ಕುಳಿತಿದ್ದನು. ಸೇಡಂ ದಾಟಿದ ಮೇಲೆ ಒಂದೇ ಮಾತು ಆಡಿದನು.

‘ಮುತ್ಯಾ, ಇನ್ನ ಆಡಂಗಿಲ್ಲ. ನನ್ನ ತಲಿಗಿ ಇದು ಹತ್ತೂದಲ್ಲ.’

ಮಾಸ್ತರರು ಬೆಚ್ಚಿದರು. ಆ ಮಾತಿನ ಧಾಟಿ ಎಲ್ಲಿಯೋ ಕೇಳಿದಂತಿತ್ತು. ಎಲ್ಲಿ ಎಂಬುದು ಊರು ಬರುವ ಹೊತ್ತಿಗೆ ನೆನಪಾಯಿತು; ಅದನ್ನು ಕೇಳಿದವರು ತಾವಲ್ಲ, ಆಡಿದವರು. ಆ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ.

ನೋಡುವುದರಿಂದ ಕಲಿಯಲು ಬಾರದು ಎನ್ನುವಂತೆಯೂ ಇರಲಿಲ್ಲ. ತಾವು ಕಲಿತದ್ದೇ ನೋಡಿ. ಕ್ಯೂಬಾ ದೇಶದ ಕಪಾಬ್ಲಾಂಕಾ ನಾಲ್ಕು ವರ್ಷದವನಿದ್ದಾಗ ತಂದೆಯ ಆಟವನ್ನು ನೋಡಿಯೇ ಕಲಿತು, ತಂದೆ ಕುದುರೆಯನ್ನು ತಪ್ಪಾಗಿ ನಡೆಸಿದುದನ್ನು ಎತ್ತಿ ತೋರಿಸಿದನೆಂಬ ವೃತ್ತಾಂತವನ್ನು ಅವರು ಓದಿದ್ದರು. ಆ ಬಾಲಕನೇ ಮುಂದೆ 1921ರಲ್ಲಿ ವಿಶ್ವವಿಜೇತನಾದನು. ಹಾಗಾದರೆ ಕಟ್ಟೆಯ ಮೇಲೆ ಎರಡೇ ವರ್ಷ ನೋಡಿದ ಬಾಲಕನಿಗೆ ಬಂದ ವಿದ್ಯೆ, ನಾಲ್ಕು ವರ್ಷ ಜಗತ್ತಿನ ಶ್ರೇಷ್ಠರನ್ನೇ ನೋಡಿದ ಮೊಮ್ಮಗನಿಗೆ ಏಕೆ ಬರಲಿಲ್ಲ? ಗಿರ್ದಾವರರು ಗ್ರಾಂಡ್‌ಮಾಸ್ಟರರಿಗಿಂತ ಮಿಗಿಲಾದ ಆಟಗಾರರೇನೂ ಆಗಿರಲಿಲ್ಲ.

ಬೆಳಗಿನ ಜಾವದ ಹೊತ್ತಿಗೆ ಅವರಿಗೆ ಉತ್ತರ ಹೊಳೆಯಿತು. ವ್ಯತ್ಯಾಸವಿದ್ದದ್ದು ಆಟಗಾರರಲ್ಲಲ್ಲ, ಒಂದು ನಡೆಗೂ ಮುಂದಿನ ನಡೆಗೂ ನಡುವಣ ಮೌನದಲ್ಲಿ. ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಯಾರೂ ಏನೂ ಹೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬಾಲಕನು ವಿಧಿಯಿಲ್ಲದೆ ತನ್ನದೊಂದು ನಡೆಯನ್ನು ಮನಸ್ಸಿನಲ್ಲಿ ನಿಶ್ಚಯಿಸುತ್ತಿದ್ದನು. ಗಿರ್ದಾವರರು ಬೇರೆಯ ಕಾಯಿಗೆ ಕೈ ಹಾಕಿದಾಗ, ತಾನೆಲ್ಲಿ ತಪ್ಪಿದೆನೆಂದು ಒಳಗೊಳಗೇ ಚುರುಕ್ಕೆನ್ನುತ್ತಿತ್ತು. ಆ ಚುರುಕೇ ಗುರು. ಮೊಬೈಲಿನಲ್ಲಿ ಆ ಮೌನವಿರಲಿಲ್ಲ. ನಡೆಯೂ ಅದರ ಕಾರಣವೂ ಕೇಳುವ ಮೊದಲೇ ದೊರೆಯುತ್ತಿದ್ದವು. ಹುಡುಗನು ‘ಹೌದು, ಸರಿ’ ಎಂದು ತಲೆದೂಗುತ್ತಿದ್ದನು. ತಲೆದೂಗಿದುದನ್ನೇ ಕಲಿತೆನೆಂದು ಭಾವಿಸುತ್ತಿದ್ದನು. ಇನ್ನೊಬ್ಬರು ದಾರಿ ತೋರಿಸುತ್ತ ನಡೆಯುವಾಗ ಎಲ್ಲ ತಿರುವುಗಳೂ ಸುಲಭವಾಗಿಯೇ ಕಾಣುತ್ತವೆ. ಮರುದಿನ ಒಬ್ಬನೇ ಹೊರಟಾಗ ತಾನೇ ದಾರಿ ಗೊತ್ತಿಲ್ಲವೆಂದು ತಿಳಿಯುವುದು!

ಅದರ ಬೆನ್ನಿಗೇ ಇನ್ನೊಂದು ವಿಚಾರವೂ ಹೊಳೆದು ಮಾಸ್ತರರು ಹಾಸಿಗೆಯ ಮೇಲೆ ಎದ್ದು ಕುಳಿತರು. ಮೂವತ್ತಾರು ವರ್ಷ ತಾವು ಕಪ್ಪುಹಲಗೆಯ ಮುಂದೆ ಮಾಡಿದ್ದೂ ಅದನ್ನೇ. ಅಳಿಸಿದ ಗುರುತಿಲ್ಲದ ಆ ಸುಂದರ ಲೆಕ್ಕಗಳಲ್ಲಿ ಮಕ್ಕಳಿಗೆ ತಪ್ಪಲು ಒಂದು ಗಳಿಗೆಯ ಅವಕಾಶವನ್ನೂ ತಾವು ಕೊಟ್ಟಿರಲಿಲ್ಲ.

ಮರುದಿನ ಸಂಜೆ ಅವರು ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದು, ಪುಟಕ್ಕೆ ಮೂರು ಅಂಕಣ ಎಳೆದರು. ಮೊದಲನೆಯದು ‘ನನ್ನ ನಡೆ’, ಎರಡನೆಯದು ‘ಅವರ ನಡೆ’, ಮೂರನೆಯದು ‘ಏಕೆ’. ಮೊಬೈಲನ್ನು ಮೊಮ್ಮಗನ ಕೈಗೆ ಕೊಟ್ಟು ಹೇಳಿದರು: ‘ಆಡಬ್ಯಾಡ ತಮ್ಮಾ, ನೋಡು ಸಾಕು. ಆದರ ಒಂದೊಂದು ನಡಿಗೆ ನಿಲ್ಲಸು. ಮುಂದಿಂದು ಮುಚ್ಚಿಡು. ನಿಂದು ಬರದ ಮ್ಯಾಲೆ ಅವರದು ತಗಿ.’

ಮೊದಲು ಆರಿಸಿಕೊಂಡದ್ದು 1858ರಲ್ಲಿ ಪ್ಯಾರಿಸ್ಸಿನ ಅಪೆರಾ ನಾಟ್ಯಶಾಲೆಯಲ್ಲಿ ಅಮೆರಿಕದ ಪಾಲ್ ಮಾರ್ಫಿ ಆಡಿದ ಆಟ. ಅವನ ಎದುರಾಳಿಗಳಾಗಿ ಬ್ರನ್ಸ್‌ವಿಕ್ಕಿನ ಡ್ಯೂಕನೂ ಒಬ್ಬ ಕೌಂಟನೂ ಕೂಡಿ ಸಮಾಲೋಚಿಸಿ ಆಡಿದರು. ಹದಿನೇಳೇ ನಡೆಗಳಲ್ಲಿ ಮುಗಿಯುವ ಈ ಆಟವನ್ನು ಕಲಿಯುವವರಿಗೆ ತೋರಿಸದ ಗುರುಗಳು ವಿರಳ. ಹುಡುಗನು ಅದನ್ನು ಎಷ್ಟೋ ಸಲ ನೋಡಿದ್ದನು. ಎಂಟನೆಯ ನಡೆಯ ಮುನ್ನ ಆಟ ನಿಂತಿತು. ಮಾರ್ಫಿಯ ಮಂತ್ರಿಯ ಎದುರಿಗೆ ಕಪ್ಪು ಪದಾತಿಯೊಂದು ಕಾವಲಿಲ್ಲದೆ ನಿಂತಿದೆ. ಹುಡುಗನು ತಡಮಾಡದೆ ‘ಪದಾತಿಯನ್ನು ಹೊಡೆಯುವುದು’ ಎಂದು ಬರೆದನು. ಮುಚ್ಚಿದ್ದನ್ನು ತೆಗೆದರೆ ಮಾರ್ಫಿ ಪದಾತಿಯತ್ತ ನೋಡಿಯೂ ಇಲ್ಲ. ಇನ್ನೂ ಮನೆಯಲ್ಲಿಯೇ ನಿಂತಿದ್ದ ಎರಡನೆಯ ಕುದುರೆಯನ್ನು ಹೊರಕ್ಕೆ ತಂದಿದ್ದಾನೆ.

‘ಯಾಕ ಮುತ್ಯಾ?’ ಎಂದನು ಹುಡುಗ.

ಹೇಳಿಬಿಡುವ ಆಸೆ ಮಾಸ್ತರರ ನಾಲಗೆಯ ತುದಿಗೆ ಬಂದಿತ್ತು. ಕಟ್ಟೆಯ ಕಾನೂನನ್ನು ನೆನೆದು ಬಾಯಿ ಮುಚ್ಚಿಕೊಂಡರು. ಮೂರನೆಯ ಅಂಕಣ ಆ ರಾತ್ರಿ ಖಾಲಿಯಾಗಿಯೇ ಉಳಿಯಿತು. ಬೆಳಿಗ್ಗೆ ನಳದ ಮುಂದೆ ಕೊಡ ಇಟ್ಟು ನಿಂತಿದ್ದ ಹುಡುಗನು ಕೊಡ ತುಂಬಿ ಹರಿಯುತ್ತಿರುವುದನ್ನೂ ಗಮನಿಸದೆ ಒಳಗೆ ಓಡಿಬಂದನು. ಪದಾತಿಯನ್ನು ಹೊಡೆದರೆ ಕಪ್ಪು ಮಂತ್ರಿಯು ಹಾರಿಬಂದು ಶಹ ಕೊಡುವುದು. ಮಂತ್ರಿಗೆ ಮಂತ್ರಿ ಹೋಗುವುದು. ಒಂದು ಪದಾತಿ ದಕ್ಕಿದರೂ ದಾಳಿಯ ಕಾವು ಆರಿಹೋಗುವುದು. ಎದುರಾಳಿಯ ಪಡೆ ಇನ್ನೂ ಮಲಗಿರುವಾಗ ತನ್ನ ಪಡೆಯನ್ನೆಲ್ಲ ಎಬ್ಬಿಸುವುದೇ ಮಾರ್ಫಿಯ ಹಂಚಿಕೆ. ಹದಿನಾರನೆಯ ನಡೆಯಲ್ಲಿ ಅವನು ಮಂತ್ರಿಯನ್ನೇ ಬಲಿಕೊಟ್ಟು, ಹದಿನೇಳನೆಯದರಲ್ಲಿ ಉಳಿದ ಒಂದು ಆನೆ, ಒಂದು ಒಂಟೆಗಳಿಂದ ರಾಜನನ್ನು ಕಟ್ಟಿಹಾಕಿದ್ದರ ಬೀಜ ಆ ಕುದುರೆಯ ನಡೆಯಲ್ಲಿತ್ತು. ಹತ್ತು ಸಲ ಕೇಳಿಸಿಕೊಂಡಾಗ ಅಂಟದೆ ಹೋಗಿದ್ದ ಮಾತು, ಒಂದು ರಾತ್ರಿ ಕಾಡಿದ ಮೇಲೆ ಅವನದೇ ಆಯಿತು.

ಮುಂದಿನ ತಿಂಗಳು, 2024ರ ಡಿಸೆಂಬರ್ 12ರಂದು, ಸಿಂಗಪುರದಲ್ಲಿ ಚೆನ್ನೈನ ಗುಕೇಶ್ ಚೀನದ ಡಿಂಗ್ ಲಿರೆನ್‌ರನ್ನು ಏಳೂವರೆ–ಆರೂವರೆ ಅಂಕಗಳಿಂದ ಗೆದ್ದು, ಹದಿನೆಂಟನೆಯ ವಯಸ್ಸಿನಲ್ಲಿ ವಿಶ್ವವಿಜೇತರಾದರು. ಫಲಿತಾಂಶ ಊರಿಗೆಲ್ಲ ತಿಳಿದಿತ್ತು. ಅದು ಹೇಗಾಯಿತೆಂಬುದು ತಿಳಿದಿರಲಿಲ್ಲ. ಹದಿನಾಲ್ಕನೆಯದೂ ಕೊನೆಯದೂ ಆದ ಆ ಆಟವನ್ನು ಮರುದಿನ ಅಜ್ಜ ಮೊಮ್ಮಗ ಕೂಡಿ ನೋಡಿದರು. ಈ ಪ್ರಸಾರಗಳಲ್ಲಿ ಹಾಸಿನ ಮಗ್ಗುಲಿಗೆ ಕಪ್ಪುಬಿಳುಪಿನ ಪಟ್ಟಿಯೊಂದಿರುತ್ತದೆ. ಯಾರ ಕೈ ಮೇಲಾಗಿದೆಯೆಂದು ಗಣಕಯಂತ್ರವು ಎಣಿಸಿ ಅದರಲ್ಲಿ ತೋರಿಸುತ್ತದೆ. ಮಾಸ್ತರರು ಬಸ್ ಟಿಕೇಟಿನ ಚೂರೊಂದನ್ನು ಎಂಜಲು ಹಚ್ಚಿ ಆ ಪಟ್ಟಿಯ ಮೇಲೆ ಅಂಟಿಸಿದರು.

ಇಬ್ಬರಲ್ಲಿಯೂ ಒಂದು ಆನೆ, ಒಂದು ಒಂಟೆ. ಕಪ್ಪು ಕಾಯಿಗಳ ಗುಕೇಶರಿಗೆ ಒಂದು ಪದಾತಿ ಹೆಚ್ಚು. ಸರಿಯಾಗಿ ಕಾದರೆ ಸಮವಾಗಬಹುದಾದ ಆಟ. ಐವತ್ತೈದನೆಯ ನಡೆಯಲ್ಲಿ ಡಿಂಗ್ ಆನೆಗೆ ಆನೆ ಕೊಡಲು ಮುಂದಾದರು. ಆಟ ನಿಂತಿತು. ಯಂತ್ರದ ಪಟ್ಟಿ ಕಂಡಿದ್ದರೆ ಅನಾಹುತವಾಯಿತೆಂದು ಯಾವ ಮಗುವೂ ಕೂಗಬಹುದಾಗಿತ್ತು. ಪಟ್ಟಿ ಮುಚ್ಚಿದ್ದರಿಂದ ಹುಡುಗನು ಕಾಲುಗಂಟೆ ಕುಳಿತನು. ಆಮೇಲೆ ಮೆಲ್ಲನೆ ಬರೆದನು: ಆನೆಗಳು ಹೋಗಲಿ, ಬಿಳಿಯ ಒಂಟೆ ಮೂಲೆಯಲ್ಲಿದೆ, ಅದರ ಎದುರಿಗೆ ಒಂಟೆಯನ್ನಿಟ್ಟರೆ ಅದಕ್ಕೆ ತಪ್ಪಿಸಿಕೊಳ್ಳಲು ಮನೆಯಿಲ್ಲ, ಒಂಟೆಗಳೂ ಹೋದರೆ ಉಳಿಯುವುದು ರಾಜರೂ ಪದಾತಿಗಳೂ ಮಾತ್ರ, ಆಗ ಹೆಚ್ಚಿನ ಒಂದು ಪದಾತಿಯೇ ಸಾಮ್ರಾಜ್ಯ. ಮುಚ್ಚಿದ್ದನ್ನು ತೆಗೆದಾಗ ಗುಕೇಶರ ನಡೆಗಳು ಹಾಗೆಯೇ ಇದ್ದವು. ಹುಡುಗನು ಕುಣಿಯಲಿಲ್ಲ; ನೋಟುಪುಸ್ತಕವನ್ನು ಅಜ್ಜನ ಮುಂದೆ ಸರಿಸಿ ಸುಮ್ಮನೆ ಕುಳಿತನು.

ಮಾಸ್ತರರು ಕಂಡುಕೊಂಡ ಕ್ರಮ ಹೊಸದೇನೂ ಅಲ್ಲ. ಅಮೆರಿಕದ ‘ಚೆಸ್ ರಿವ್ಯೂ’ ಪತ್ರಿಕೆಯಲ್ಲಿ ಹೊರೊವಿಟ್ಜ್ ಎಂಬವರು ನಡೆಸುತ್ತಿದ್ದ ಅಂಕಣದಲ್ಲಿ ಓದುಗರು ಅಚ್ಚಾದ ನಡೆಗಳನ್ನು ಕಾಗದದಿಂದ ಮುಚ್ಚಿಕೊಂಡು, ಮುಂದಿನದನ್ನು ಊಹಿಸಿ ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಿದ್ದರು. ಭಾರತದ ಪ್ರಥಮ ಗ್ರಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದರ ಬಾಲ್ಯವೂ ಇದಕ್ಕೆ ಸಾಕ್ಷಿ. 1970ರ ದಶಕದ ಕೊನೆಯಲ್ಲಿ ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಮನಿಲಾದಲ್ಲಿದ್ದಾಗ, ಅಲ್ಲಿನ ದೂರದರ್ಶನದಲ್ಲಿ ಚದುರಂಗದ ಕಾರ್ಯಕ್ರಮವೊಂದು ಹಗಲು ಹೊತ್ತಿನಲ್ಲಿ ಬರುತ್ತಿತ್ತು. ಮಗನು ಶಾಲೆಯಲ್ಲಿರುವಾಗ ತಾಯಿ ಅದರ ಸಮಸ್ಯೆಯನ್ನು ಬರೆದಿಟ್ಟುಕೊಳ್ಳುವರು. ಸಂಜೆ ತಾಯಿಮಕ್ಕಳು ಕೂಡಿ ಬಿಡಿಸಿ ಉತ್ತರ ಕಳುಹಿಸುವರು. ಬಹುಮಾನವಾಗಿ ಪುಸ್ತಕಗಳು ಬರುತ್ತಿದ್ದವು. ಕೊನೆಗೆ ಬೇಕಾದಷ್ಟು ಪುಸ್ತಕಗಳನ್ನು ಒಯ್ಯಿರಿ, ಉತ್ತರ ಮಾತ್ರ ಕಳುಹಿಸಬೇಡಿರೆಂದು ಕಾರ್ಯಕ್ರಮದವರೇ ಹೇಳಿದರಂತೆ. ಆ ಬಾಲಕನಿಗೆ ಕಲಿಸಿದ್ದು ದೂರದರ್ಶನದ ಪರದೆಯಲ್ಲ. ಪರದೆ ಆರಿದ ಮೇಲೆ ಕೈಯಲ್ಲಿ ಉಳಿದ ಬಿಡಿಸದ ಸಮಸ್ಯೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಇದನ್ನು ಬಲ್ಲವರಾಗಿದ್ದಿರಬೇಕು. ಚದುರಂಗದ ಸಮಸ್ಯೆಗಳನ್ನೂ, ಕುದುರೆಯು ಪ್ರತಿ ಮನೆಯನ್ನು ಒಂದೇ ಸಲ ಮುಟ್ಟಿ ಅರುವತ್ತನಾಲ್ಕನ್ನೂ ಸುತ್ತಿಬರುವ ಬಂಧಗಳನ್ನೂ ರಚಿಸಿ ಅವರು ನೋಡುವವರ ಬುದ್ಧಿಗೆ ಸವಾಲೊಡ್ಡಿದರು. ಅದೇ ಮೈಸೂರಿನ ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ಆದರು.

ಮುಧೋಳದ ಹುಡುಗನು ಅಷ್ಟು ದೂರ ಹೋಗುವನೆಂದು ಯಾರೂ ಹೇಳಲಿಲ್ಲ. ನೋಟುಪುಸ್ತಕದ ಮೊದಲ ಪುಟಗಳಲ್ಲಿ ಹತ್ತರಲ್ಲಿ ಎರಡು ನಡೆಗಳು ಹೊಂದುತ್ತಿದ್ದವು. ವರ್ಷ ತಿರುಗುವ ಹೊತ್ತಿಗೆ ನಾಲ್ಕೈದು. ಮೊದಲು ದಿನಕ್ಕೆ ಹತ್ತು ಆಟ ನೋಡುತ್ತಿದ್ದವನು ಈಗ ವಾರಕ್ಕೆ ಎರಡನ್ನೇ ನೋಡುತ್ತಿದ್ದನು. ನರೊಡಿಟ್ಸ್ಕಿಯವರ ಹಳೆಯ ಪಾಠಗಳನ್ನೆಲ್ಲ ಮೊದಲಿನಿಂದ, ತಡೆದು ತಡೆದು, ಮತ್ತೆ ನೋಡಲಾರಂಭಿಸಿದ್ದನು.

2025ರ ಅಕ್ಟೋಬರಿನಲ್ಲಿ ಒಂದು ಮುಂಜಾನೆ ಅವನು ಮೊಬೈಲು ಹಿಡಿದು ಅಂಗಳದಲ್ಲಿ ನಿಂತೇ ಇದ್ದನು. ನರೊಡಿಟ್ಸ್ಕಿ ತೀರಿಕೊಂಡಿದ್ದರು. ವಯಸ್ಸು ಇಪ್ಪತ್ತೊಂಬತ್ತು. ಹುಡುಗನು ಎಂದೂ ಕಾಣದ, ತನ್ನ ಹೆಸರನ್ನೇ ಕೇಳದ ಆ ದೂರದೇಶದ ತರುಣನಿಗಾಗಿ ಅತ್ತನು. ತಾಯಿ ರೊಟ್ಟಿ ಹಾಕಿ ಕರೆದರೂ ಏಳಲಿಲ್ಲ. ಮಾಸ್ತರರು ಸಮಾಧಾನ ಹೇಳಲು ಹೋಗಲಿಲ್ಲ. ಸಂಜೆ ತಾವೇ ನೋಟುಪುಸ್ತಕ ತಂದು ಮುಂದಿಟ್ಟು, ‘ಎಲ್ಲಿಗಿ ನಿಲ್ಲಸಿದ್ದಿ?’ ಎಂದು ಮಾತ್ರ ಕೇಳಿದರು. ಅರ್ಧಕ್ಕೆ ನಿಂತಿದ್ದ ಆಟ ತೆರೆಯಿತು. ಅದೇ ಧ್ವನಿ, ಅದೇ ಉತ್ಸಾಹ. ಹುಡುಗನು ಕಣ್ಣೊರೆಸಿಕೊಂಡು, ಮುಂದಿನದನ್ನು ಅಂಗೈಯಿಂದ ಮುಚ್ಚಿ, ತನ್ನ ನಡೆಯನ್ನು ಬರೆದನು.

ನವೆಂಬರಿನಲ್ಲಿ ಮತ್ತೆ ಕಲಬುರಗಿಗೆ ಹೋದಾಗ ಐದರಲ್ಲಿ ಎರಡು ಗೆಲುವು, ಒಂದು ಸಮ, ಎರಡು ಸೋಲು. ಬಹುಮಾನವೇನೂ ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಸೋತ ಎರಡು ಆಟಗಳ ಬಗೆಗೇ ಮಾತನಾಡಿದನು.

ಮಾಸ್ತರರಿಗೆ ಬಾಕಿಯೊಂದು ಉಳಿದಿತ್ತು. ಪಡಸಾಲೆಯ ಫರಸಿ ಬದಲಿಸುವ ನೆಪಮಾಡಿ ಅವರು ಆ ಹಳೆಯ ಶಿಷ್ಯನನ್ನು ಕರೆಸಿದರು. ಗಣಿಯ ಕೂಲಿಯಾಗಿ ಹೋದವನು ಈಗ ಐವತ್ತು ದಾಟಿದ, ನೆಲಹಾಸಿನ ಗುತ್ತಿಗೆ ಹಿಡಿಯುವ ಕೆಲಸಗಾರ. ಬಂದವನು ಮಾಸ್ತರರ ಕಾಲು ಮುಟ್ಟಿ, ಪಡಸಾಲೆಯನ್ನು ಒಮ್ಮೆ ಕಣ್ಣಿನಿಂದ ಅಳೆದನು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಕಲ್ಲು ಎರಡಡಿ ಉದ್ದ, ಒಂದೂವರೆ ಅಡಿ ಅಗಲದ್ದು. ‘ನಲವತ್ತು ಹಿಡೀತಾವ ನೋಡ್ರೀ ಸರ್’ ಎಂದನು. ಮಾಸ್ತರರು ಮನಸ್ಸಿನಲ್ಲಿಯೇ ಭಾಗಿಸಿದರು. ನೂರ ಇಪ್ಪತ್ತನ್ನು ಮೂರರಿಂದ, ನಲವತ್ತು. ಅವನು ಮುಂದುವರಿಸಿದನು: ‘ಖರೇ ಅಂದ್ರ, ಕಲ್ಲಿನ ಉದ್ದ ಪಡಸಾಲಿ ಉದ್ದಕ್ಕ ಹಾಕಿದರ ನಲವತ್ತೆರಡು ಬೇಕಾಗ್ತಾವ, ಕಡೀ ಸಾಲು ಕೊಯ್ದು ಹಾಕಬೇಕು. ತಿರುಗಿಸಿ ಹಾಕಿದರ ನಲವತ್ತಕ್ಕ ಬರೋಬ್ಬರಿ ಕೂಡ್ತದ.’

ತಿರುಗಿಸಿ ಹಾಕುವ ಮಾತು ಮಾಸ್ತರರ ಭಾಗಾಕಾರದಲ್ಲಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: ‘ಇದನ್ನ ನಿನಗ ಯಾರು ಕಲಿಸಿದರಪಾ?’

‘ಯಾರೂ ಇಲ್ರೀ ಸರ್. ಅಲ್ಲಿ ಮೊದಲ ಯಾರೂ ಉತ್ತರ ಹೇಳಂಗಿಲ್ಲ. ನಾವೇ ಹೇಳಬೇಕು. ತಪ್ಪಿದರ ಕೂಲಿ ಹೋಗ್ತದ.’

ಅವನು ಅದನ್ನು ನಿಷ್ಠುರವಾಗಿ ಹೇಳಲಿಲ್ಲ; ಹಳೆಯ ಮಾತನ್ನು ನೆನಪಿಸುವ ಉದ್ದೇಶವೂ ಅವನಿಗಿದ್ದಂತಿರಲಿಲ್ಲ. ಮಾಸ್ತರರೇ ನೆನಪಿಸಿದರು. ‘ಅವತ್ತ ನಾ ಅಂದದ್ದು ತಪ್ಪು. ನಿನ್ನ ತಲಿ ಸರಿ ಇತ್ತು’ ಎಂದರು. ಐವತ್ತು ದಾಟಿದ ಶಿಷ್ಯನು ತಲೆ ತಗ್ಗಿಸಿ, ಅಳತೆಯ ಟೇಪನ್ನು ಎಳೆಯುತ್ತಾ ಬಿಡುತ್ತಾ ನಿಂತನು. ‘ಇರ್ಲಿ ಬಿಡ್ರೀ ಸರ್’ ಎನ್ನುವಾಗ ಅವನ ಧ್ವನಿ ಸರಿಯಿರಲಿಲ್ಲ.

ಆ ಡಿಸೆಂಬರ್ 22ರಂದು, ರಾಮಾನುಜನ್ನರ ಜನ್ಮದಿನವಾದ ರಾಷ್ಟ್ರೀಯ ಗಣಿತ ದಿನಕ್ಕೆ, ತಾವು ದುಡಿದ ಶಾಲೆಯಿಂದ ಮಾಸ್ತರರಿಗೆ ಆಮಂತ್ರಣ ಬಂದಿತು. ಅವರು ಭಾಷಣ ಮಾಡಲಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡು, ಹಿಂದಿನ ಮುತ್ತಿನಕ್ಷರಗಳಲ್ಲಿಯೇ, ಪಡಸಾಲೆಯ ಅಳತೆಯನ್ನೂ ಕಲ್ಲಿನ ಅಳತೆಯನ್ನೂ ಕಪ್ಪುಹಲಗೆಯ ಮೇಲೆ ಬರೆದರು. ಕಲ್ಲು ಕೊಯ್ಯದೆ ಹಾಸುವುದು ಹೇಗೆಂದು ಕೇಳಿ, ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತರು. ಮಕ್ಕಳು ಕಾದರು. ಶಿಕ್ಷಕರು ಒಬ್ಬರ ಮುಖವನ್ನೊಬ್ಬರು ನೋಡಿದರು. ಮುಖ್ಯಗುರುಗಳು ಗಡಿಯಾರ ನೋಡಿಕೊಂಡರು. ಮಾಸ್ತರರು ಜೇಬಿನಿಂದ ಎಲೆಯಡಿಕೆಯ ಸಂಚಿ ತೆಗೆದರು. ಶಾಲೆಯೆಂದು ನೆನಪಾಗಿ ಮತ್ತೆ ಒಳಗಿಟ್ಟುಕೊಂಡರು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ನೋಟುಪುಸ್ತಕದ ಹಾಳೆ ಹರಿದು ಸಣ್ಣಸಣ್ಣ ಚೂರು ಮಾಡಿ ಡೆಸ್ಕಿನ ಮೇಲೆ ಹೊಂದಿಸತೊಡಗಿದಳು. ಸಾಲು ಕೂಡಲಿಲ್ಲ. ಅವಳು ಎಲ್ಲವನ್ನೂ ಕೈಯಿಂದ ಗುಡಿಸಿ, ಒಂದು ಚೂರನ್ನು ಎತ್ತಿ, ಅಡ್ಡಲಾಗಿ ತಿರುಗಿಸಿ ನೋಡಿದಳು.

ಮಾಸ್ತರರು ಏನೂ ಹೇಳಲಿಲ್ಲ.